ಒಳಗಿನ ಅಗಳಿ

ಮದುವೆಯಾಗಿ ಮೂರು ವರ್ಷ ಕಳೆದರೂ ನಮಗೆ ಕೋಣೆ ಅಂತ ಒಂದು ಇರಲಿಲ್ಲ. ಇದ್ದದ್ದು ದಾರಿ. ಜೆಪ್ಪುವಿನ ನನ್ನ ಗಂಡನ ಮನೆಯಲ್ಲಿ ಚಾವಡಿಗೂ ಅಡುಗೆಮನೆಗೂ ನಡುವೆ ಒಂದು ಉದ್ದನೆಯ ಜಾಗವಿತ್ತು. ಅಲ್ಲೊಂದು ಮಂಚ ಹಾಕಿ, ಎರಡೂ ಕಡೆ ಹಳೆ ಸೀರೆಯ ಪರದೆ ಇಳಿಬಿಟ್ಟು, ಇದು ನೊರ್ಬರ್ಟ್ ಮತ್ತು ರೊಸಾಲಿನಳ ಕೋಣೆ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟ ಮಾತ್ರಕ್ಕೆ ಕೋಣೆಯಾಗುತ್ತದೆಯೇ? ಹನ್ನೊಂದು ಜನರ ಮನೆ ಅದು. ನೀರು ಬೇಕಾದವರು, ಉಪ್ಪು ಬೇಕಾದವರು, ಏನೂ ಬೇಡದೆ ಸುಮ್ಮನೆ ಕಾಲಾಡಿಸುವವರು, ಎಲ್ಲರೂ ನಮ್ಮ ಮಂಚದ ಪಕ್ಕದಲ್ಲೇ ಹಾದುಹೋಗಬೇಕು. ನನ್ನ ಅತ್ತೆ ಮಗ್ದಲೀನ್ ಬಾಯಿಯಂತೂ ಕೋಳಿಗೂಡು ಭದ್ರವಾಗಿದೆಯೇ ಎಂದು ನೋಡಲು ದೀಪ ಹಿಡಿದು ಹೋಗುವಾಗ, ಹೋಗುತ್ತ ಹೋಗುತ್ತ ನಮ್ಮನ್ನೂ ಒಮ್ಮೆ ನೋಡಿಯೇ ಹೋಗುತ್ತಿದ್ದರು. ಕೋಳಿಗಳ ಲೆಕ್ಕದಲ್ಲಿ ನಾವೂ ಸೇರಿದ್ದೆವು.

ನಾನು ಸಿಟ್ಟಿನ ಹೆಂಗಸು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ಮುಂಚೆ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಎಂಥ ಪುಂಡರನ್ನೂ ಕಣ್ಣಲ್ಲೇ ಕೂರಿಸುತ್ತಿದ್ದೆ. ಆದರೆ ಈ ಮನೆಯಲ್ಲಿ ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಒಳ್ಳೆಯವರೇ. ಒಳ್ಳೆಯವರ ಮೇಲೆ ಸಿಟ್ಟು ಬಂದರೆ ಒಂದು ಬಾಗಿಲು ಬೇಕಲ್ಲ, ಹಾಕಿಕೊಂಡು ಹಿಂದೆ ನಿಂತು ಹಲ್ಲು ಕಡಿಯಲು! ನಗುವುದಕ್ಕೂ ಬೇಕು. ಗಂಡ ಹೆಂಡತಿ ಒಮ್ಮೆ ಬಾಯಿ ತುಂಬ ನಕ್ಕರೆ ಸಾಕು, ಪರದೆಯಾಚೆಯಿಂದ "ಎಂತ? ಎಂತ ಆಯ್ತು? ನಮಗೂ ಹೇಳಿ" ಎಂದು ನಾಲ್ಕು ದನಿ ಬರುತ್ತಿದ್ದವು. ನನಗೆ ಬೇಕಾದದ್ದು ಇಷ್ಟೇ: ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಹಾಕುವ ಒಂದು ಅಗಳಿ.

ಕೊಡಗೂ ನಮ್ಮ ಜಿಲ್ಲೆಯೂ ಒಂದೇ ರಾಜ್ಯಕ್ಕೆ ಸೇರಿದ್ದ ಹೊಸತು. ಮಡಿಕೇರಿಯ ಗುಡ್ಡದ ಮೇಲೆ ಹೊಸ ಆಫೀಸು, ಹೊಸ ಅಂಗಡಿ, ಹೊಸ ಮನೆಗಳು ಏಳುತ್ತಿವೆ ಎಂದು ಬಸ್ಸಿನವರು ಬಂದು ಹೇಳುತ್ತಿದ್ದರು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾಫಿ ಕಂಪೆನಿಯವರೂ ಅಲ್ಲೊಂದು ಡಿಪೋ ತೆರೆಯಲು ಹೊರಟರು. "ಯಾರು ಹೋಗ್ತೀರಿ?" ಎಂದು ಮ್ಯಾನೇಜರು ಕೇಳಿದಾಗ ಗುಮಾಸ್ತರೆಲ್ಲ ತಲೆ ತಗ್ಗಿಸಿದರಂತೆ. ಚಳಿ, ಜಿಗಣೆ, ಮೇಲಿಂದ ಮೀನಿಲ್ಲ. ನನ್ನ ಗಂಡ ಕೈಯೆತ್ತಿದರು! ಬಸ್ಸು ನಿಲ್ಲಿಸಲಿಕ್ಕೂ ಕೈಯೆತ್ತಲು ಸಂಕೋಚಪಡುವ ಮನುಷ್ಯ. ಮನೆಗೆ ಬಂದು ಪರದೆ ಸರಿಸಿ, ನನ್ನ ಕಿವಿಯಲ್ಲಿ "ರೊಸಾ, ಮಡಿಕೇರಿ" ಎಂದರು. ನಾನು ಕೂಗಿದ ಕೂಗಿಗೆ ಅತ್ತೆ ಸೌಟು ಹಿಡಿದೇ ಓಡಿಬಂದರು.

ವಿಷಯ ತಿಳಿದ ಮೇಲೆ ಅವರು ಕೇಳಿದ ಮೊದಲ ಮಾತು, "ಮತ್ತೆ ಮೀನು?"

"ಒಣಮೀನು ಕೊಂಡುಹೋಗ್ತೇವೆ, ಮಾಂಯ್," ಎಂದೆ. ನಮ್ಮಲ್ಲಿ ಅತ್ತೆಯನ್ನು ಹಾಗೆಯೇ ಕರೆಯುವುದು.

"ಒಣಮೀನು ತಿಂದು ಎಷ್ಟು ದಿನ ಬದುಕ್ತೀರಿ?" ಎಂದು ಅವರು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ, ಎಂತ ಮಾಡುವುದು? ಕಾಲು ನೆಲದ ಮೇಲೆ ನಿಂತರೆ ತಾನೇ!

ಅಪ್ಪ ಮುಂಬಯಿಯ ಹಡಗಿನಲ್ಲಿ ದುಡಿದು, ಸಾಯುವ ಮುಂಚೆ ನನ್ನ ಹೆಸರಿಗೆ ಒಂದಿಷ್ಟು ಹಣ ಇಟ್ಟಿದ್ದರು. ಅದರಲ್ಲೊಂದು ಮನೆ ತೆಗೆದುಕೊಳ್ಳೋಣ ಎಂದೆ. ಬಾಡಿಗೆ ಮನೆಗೆ ಹೋದರೆ, ಡಿಪೋ ಮುಚ್ಚಿದ ದಿನ ಮತ್ತೆ ಈ ದಾರಿಗೇ ಬರಬೇಕಾಗುತ್ತದೆ ಎಂಬ ಹೆದರಿಕೆ ನನಗೆ. ಸ್ವಂತದ್ದಾದರೆ ಯಾರೂ ಎಬ್ಬಿಸುವುದಿಲ್ಲ.

ಆದರೆ ಮಂಗಳೂರಿನಲ್ಲಿ ಕೂತು ಮಡಿಕೇರಿಯಲ್ಲಿ ಮನೆ ಹುಡುಕುವವರು ಯಾರು? ಅತ್ತೆ ಥಟ್ಟನೆ, "ಇಸಿದೋರ್ ಉಂಟಲ್ಲ," ಎಂದರು.

ಇಸಿದೋರ್ ಮಾಮ ಮದುವೆ ದಲ್ಲಾಳಿ. ನನ್ನನ್ನು ಆ ಮನೆಗೆ ತಂದವರೂ ಅವರೇ. "ಅವರಿಗೂ ಮನೆಗೂ ಎಂತ ಸಂಬಂಧ?" ಎಂದರೆ ಅತ್ತೆ, "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹೇಳುದಿಲ್ವಾ? ಎರಡೂ ಒಂದೇ ಗಾದೆಯಲ್ಲಿ ಉಂಟಲ್ಲ ಮತ್ತೆ," ಎಂದು ಬಾಯಿ ಮುಚ್ಚಿಸಿದರು.

ಇಸಿದೋರ್ ಮಾಮ ಕಪ್ಪು ಕೋಟು ಹಾಕಿ, ಕೊಡೆ ಹಿಡಿದು ಬಂದರು. ಕೂತು, ಕಾಫಿ ಕುಡಿದು, ದನಿ ತಗ್ಗಿಸಿ ಶುರುಮಾಡಿದರು. "ಒಂದು ಉಂಟು. ಒಳ್ಳೆ ಕುಟುಂಬದ ಮನೆ. ಪ್ರಾಯ ಸ್ವಲ್ಪ ಆಗಿದೆ, ಆದ್ರೆ ನೋಡಿದ್ರೆ ಹೇಳ್ಲಿಕ್ಕಾಗುದಿಲ್ಲ. ಬಣ್ಣ ಬಿಳಿ. ಗುಣ ಶಾಂತ."

"ಮನೆಗೆ ಎಂತ ಗುಣ, ಮಾಮ?"

"ಗದ್ದಲ ಇಲ್ಲ ಅಂತ, ಮಗಾ. ತಂದೆ ತಾಯಿ ಇಲ್ಲ."

"ಮನೆಗೆ?"

"ಯಜಮಾನರು ತೀರಿಹೋಗಿದ್ದಾರೆ ಅಂತ ಹೇಳಿದ್ದು." ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಫೋಟೋ ತೆಗೆದರು. ಮನೆಯ ಎಡಭಾಗ ಮಾತ್ರ ಅದರಲ್ಲಿತ್ತು. ಬಲಭಾಗ ಎಲ್ಲಿ ಎಂದು ಕೇಳಿದರೆ ನಾಚಿಕೊಂಡು ಮುಖ ಆಚೆ ತಿರುಗಿಸಿದರು. ನಾನು ಬಿಡುವವಳೇ? ಟೀಚರಮ್ಮನ ಕಣ್ಣು ಬಿಟ್ಟು ನೋಡಿದೆ.

"ಆ ಕಡೆ ಗೋಡೆ ಸ್ವಲ್ಪ ಬಿದ್ದಿದೆ," ಎಂದು ಒಪ್ಪಿಕೊಂಡರು. "ಆದ್ರೆ ಅದನ್ನು ಮೊದಲೇ ಹೇಳಿದ್ರೆ ಸಂಬಂಧ ಕೂಡಿ ಬರ್ತದಾ, ನೀನೇ ಹೇಳು. ಒಮ್ಮೆ ಕೈ ಹಿಡಿದ ಮೇಲೆ ಹೊಂದಿಕೊಳ್ತಾರೆ."

ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಮ್ಮ ಮದುವೆಯ ಮಾತುಕತೆಯಲ್ಲಿ ಇವರು ಯಾರ ಯಾವ ಗೋಡೆ ಮುಚ್ಚಿಟ್ಟಿದ್ದರೋ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ನಗು ತಡೆಯಲಾಗದೆ ಹಿತ್ತಿಲಿಗೆ ಓಡಿದೆವು. ಬಾವಿಕಟ್ಟೆ ಹಿಡಿದು ನಗುತ್ತಿದ್ದರೆ ಒಳಗಿನಿಂದ "ಎಂತ? ಎಂತ ಆಯ್ತು?" ಎಂಬ ದನಿಗಳು ಶುರುವಾದವು.

ಪುಣ್ಯಕ್ಕೆ ಇಸಿದೋರ್ ಮಾಮ ಸೋಲು ಒಪ್ಪುವ ಮನುಷ್ಯ. "ನನಗೆ ಹುಡುಗ ಹುಡುಗಿಯೇ ಸರಿ. ಬಂದರಿನ ಅಬೂಬಕ್ಕರ್ ಬ್ಯಾರಿಯನ್ನು ಕೇಳಿ. ಮಡಿಕೇರಿಯ ಕಿತ್ತಳೆ ಎಲ್ಲ ಅವರ ಕೈಯಲ್ಲೇ ಇಳಿಯುದು. ತೋಟದವರ ಮನೆ ಮನೆ ಗೊತ್ತುಂಟು ಅವರಿಗೆ," ಎಂದು ಹೇಳಿ, ಇನ್ನೊಂದು ಕಾಫಿ ಕುಡಿದು ಹೋದರು.

ಅಬೂಬಕ್ಕರ್ ಬ್ಯಾರಿ ಕಿತ್ತಳೆ ರಾಶಿಯ ನಡುವೆ ಸ್ಟೂಲ್ ಹಾಕಿ ಕೂತಿದ್ದರು. ಹೆಗಲ ಮೇಲೆ ಬೈರಾಸು ಅನ್ನುವ ಹಸಿರು ಗೀಟಿನ ಟವೆಲು, ಬಾಯಲ್ಲಿ ನಗು. ನಮ್ಮ ಕಥೆ ಕೇಳಿ, ಗಂಡನ ಕಡೆ ನೋಡದೆ ನೇರ ನನ್ನನ್ನೇ ಕೇಳಿದರು. "ಬಾಯಮ್ಮ, ಮನೆ ಎಂತಕ್ಕೆ? ಇರ್ಲಿಕ್ಕಾ, ಇದೆ ಅಂತ ಹೇಳ್ಲಿಕ್ಕಾ?"

"ಇರ್ಲಿಕ್ಕೆ. ಬಾಗಿಲು ಹಾಕಿಕೊಂಡು ಇರ್ಲಿಕ್ಕೆ!" ನನ್ನ ದನಿ ಜೋರಾಗಿಬಿಟ್ಟಿತು. ಕೂಲಿಯವರೆಲ್ಲ ತಿರುಗಿ ನೋಡಿದರು.

"ಹಾಗಾದ್ರೆ ಒಂದೇ ಉಂಟು ನಿಮಗೆ," ಎಂದರು ಅವರು. ಕೊಡಿಯಾಲಬೈಲಿನ ಗುಣವತಿ ಶೆಡ್ತಿ ಎಂಬವರ ಮನೆಯದು. ದೊಡ್ಡ ಭೂಮಿ ಕಾಣಿಯ ಬಂಟರು. ಅವರಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹಿರಿಯಕ್ಕ ಗುಣವತಿಯೇ ಮನೆಗೆಲ್ಲ ಯಜಮಾನಿ, ತಮ್ಮ ಮಹಾಬಲ ಶೆಟ್ಟರು ಓಡಾಡಿ ವ್ಯವಹಾರ ನೋಡುವವರು. ಗುಣವತಿ ಅಕ್ಕ ಏಳೆಂಟು ವರ್ಷದ ಕೆಳಗೆ ಯಾಕೋ ಆಸೆಪಟ್ಟು ಮಡಿಕೇರಿಯಲ್ಲಿ ಮನೆ ತೆಗೆದುಕೊಂಡಿದ್ದರಂತೆ, ಒಂದು ದಿನವೂ ಹೋಗಿ ಇರಲಿಲ್ಲವಂತೆ. ಖಾಲಿ ಮನೆ ಇಟ್ಟು ಎಂತ ಮಾಡುವುದು ಎಂದು ತಮ್ಮ ಬೆನ್ನು ಬಿದ್ದು, ಈಗ ಮಾರಲು ಒಪ್ಪಿಸಿದ್ದರು.

ಮರುವಾರವೇ ಬ್ಯಾರಿಯ ಜೊತೆ ಹೋದೆವು. ಸಂಪಾಜೆ ಘಾಟಿಯ ತಿರುವಿನಲ್ಲಿ ಬಸ್ಸಿನ ಅರ್ಧ ಜನ ಕಿಟಕಿಯ ಹೊರಗೆ ತಲೆ ಹಾಕಿ ವಾಂತಿ ಮಾಡುತ್ತಿದ್ದರೆ ನಾನು ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಿದ್ದೆ. ಮಂಗಳೂರಿನ ಬೆವರು ನೋಡಿದವರಿಗೇ ಗೊತ್ತು ಆ ಗಾಳಿಯ ರುಚಿ. ಮಡಿಕೇರಿಯಲ್ಲಿಳಿದಾಗ ಎಲ್ಲಿ ನೋಡಿದರೂ ಗೋಡೆ ಕಟ್ಟುವವರು, ಹಂಚು ಏರಿಸುವವರು. ಹಂಚು ನಮ್ಮ ಮಂಗಳೂರಿನದೇ! ನೋಡಿ ನನಗೆ ತವರಿನವರು ಮೊದಲೇ ಬಂದು ಕೂತಿದ್ದಾರೆ ಅನ್ನಿಸಿತು.

ಮನೆ ಸಣ್ಣದು. ಮೆಟ್ಟಿಲಿನಲ್ಲಿ ಪಾಚಿ, ಕಿಟಕಿಗೆ ಜೇಡರ ಬಲೆ. ಆದರೆ ಗೋಡೆ ನಾಲ್ಕೂ ನಿಂತಿದ್ದವು, ಮೊದಲು ಅದನ್ನೇ ಎಣಿಸಿದೆ. ಮೂಲೆಯಲ್ಲೊಂದು ಕೋಣೆ, ಕಿಟಕಿ ತೆರೆದರೆ ಗುಡ್ಡದ ಮೇಲೆ ಗುಡ್ಡ. ಬಾಗಿಲಿನ ಹಿಂದೆ ನೋಡುತ್ತೇನೆ, ದೇವರ ಹೆಸರೆಲ್ಲ ಒಟ್ಟಿಗೆ ಬಾಯಿಗೆ ಬಂತು: ಜೆಜು, ಮರಿ, ಜುಜೆ! ಹಿತ್ತಾಳೆಯ ಅಗಳಿ! ಮನೆಯಲ್ಲಿ ಉಳಿದದ್ದೆಲ್ಲ ಹಳತು, ತುಕ್ಕು. ಇದೊಂದು ಮಾತ್ರ ಹೊಸತು, ಒಂದು ಗೀರಿಲ್ಲ, ಯಾರೂ ಹಾಕಿ ತೆಗೆದದ್ದೇ ಇಲ್ಲ. ನಾನು ಬಾಗಿಲು ಮುಚ್ಚಿ ಅಗಳಿ ಎಳೆದೆ. ಠಕ್ಕನೆ ಕೂತಿತು. ತೆಗೆದೆ. ಹಾಕಿದೆ. ತೆಗೆದೆ. ಒಬ್ಬಳೇ ನಿಂತು ಹುಚ್ಚಿಯ ಹಾಗೆ ನಕ್ಕೆ, ಯಾರೂ "ಎಂತ?" ಎಂದು ಕೇಳಲಿಲ್ಲ.

ಗಂಡ ಹೊರಗಿನಿಂದ ಮೆಲ್ಲಗೆ ತಟ್ಟಿದರು. ಅವರನ್ನೂ ಒಳಗೆ ಕರೆದು ಮತ್ತೆ ಅಗಳಿ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅಂಗಳದಿಂದ ಅಬೂಬಕ್ಕರ್ ಬ್ಯಾರಿ ಕೆಮ್ಮಿದರು. "ಬಾಯಮ್ಮ, ಮನೆಯನ್ನು ಹೊರಗಿನಿಂದಲೂ ನೋಡ್ಲಿಕ್ಕುಂಟು!"

ಮಂಗಳೂರಿಗೆ ಮರಳಿದ ಮೇಲೆ ನಿಜವಾದ ಪೇಚಾಟ ಶುರುವಾಯಿತು. ಅಬೂಬಕ್ಕರ್ ಬ್ಯಾರಿ ಕಿತ್ತಳೆಯನ್ನಾಗಲಿ ಎಮ್ಮೆಯನ್ನಾಗಲಿ ಬಾಯಿಯಲ್ಲಿ ಬೆಲೆ ಹೇಳಿ ಮಾರಿದವರಲ್ಲ. ಮಾರುವವನೂ ಕೊಳ್ಳುವವನೂ ಬೈರಾಸಿನಡಿ ಕೈ ಸೇರಿಸಿ ಬೆರಳಲ್ಲೇ ಮಾತಾಡಬೇಕು. ಬಾಯಲ್ಲಿ ಬೇಕಾದರೆ ಮಳೆ ಬೆಳೆಯ ಸುದ್ದಿ ಹೇಳಿಕೊಂಡಿರಬಹುದು, ಬೆಲೆ ಮಾತ್ರ ಹೊರಗೆ ಬೀಳಬಾರದು. "ಬಾಯಲ್ಲಿ ಹೇಳಿದ ಬೆಲೆಗೆ ನೂರು ಕಿವಿ ಉಂಟು, ಜಗಳ ಉಂಟು. ಬೆರಳಿಗೆ ಒಂದೇ ಮಾತು," ಎಂದರು. "ಆದ್ರೆ ಒಂದು ಕಟ್ಟಳೆ. ಹಣ ಯಾರದ್ದೋ ಕೈ ಅವರದ್ದೇ ಆಗ್ಬೇಕು. ಪೊರ್ಬುಗಳು ನಿಮಗೋಸ್ಕರ ಕೈ ಕೊಟ್ರೆ ಆಗುದಿಲ್ಲ. ಮಹಾಬಲ ಶೆಟ್ಟರು ಅಕ್ಕನಿಗೋಸ್ಕರ ಕೊಟ್ರೂ ಆಗುದಿಲ್ಲ."

ಪೊರ್ಬು ಎಂದರೆ ಕ್ರಿಸ್ತುವರ ಗಂಡಸು, ಅಂದರೆ ನನ್ನ ಗಂಡ. ಅವರಿಗೆ ನಿರಾಳವಾಯಿತು, ನನಗೆ ಜೀವ ಬಾಯಿಗೆ ಬಂತು. ಹೆಂಗಸರಿಬ್ಬರು ಬೈರಾಸಿನ ವ್ಯಾಪಾರ ಮಾಡಿದ್ದನ್ನು ಬ್ಯಾರಿಯೂ ಕಂಡವರಲ್ಲ. ನನಗೆ ಕಲಿಸೋಣವೆಂದರೆ ಪರಸ್ತ್ರೀಯ ಕೈ ಹಿಡಿಯುವಂತಿಲ್ಲ. ಅದಕ್ಕೆ ನನ್ನ ಗಂಡನಿಗೆ ಕಲಿಸಿದರು, ಗಂಡ ಮನೆಗೆ ಬಂದು ನನಗೆ ಕಲಿಸಬೇಕು. ಗುಣವತಿ ಅಕ್ಕನಿಗೆ ಕಲಿಸಲು ಮಹಾಬಲ ಶೆಟ್ಟರಿಗೂ ಬೇರೆಯೇ ಪಾಠವಾಯಿತು.

ಪಾಠ ಇಷ್ಟೇ. ಒಂದು ಬೆರಳೆಂದರೆ ಎಷ್ಟು ಹಣ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ಅವರು ನನ್ನ ಎಷ್ಟು ಬೆರಳು ಹಿಡಿಯುತ್ತಾರೋ ಅದು ಅವರು ಕೇಳುವ ಬೆಲೆ. ನಾನು ಅವರ ಎಷ್ಟು ಬೆರಳು ಹಿಡಿಯುತ್ತೇನೋ ಅದು ನಾನು ಕೊಡುವ ಬೆಲೆ. ಇಡೀ ಕೈ ಹಿಡಿದರೆ ಐದು. ಹಿಡಿದ ಕೈಯನ್ನು ಕುಲುಕಿದರೆ ವ್ಯಾಪಾರ ಮುಗಿಯಿತು. "ಮತ್ತೆ, ಹಿಡಿದದ್ದನ್ನು ಸಡಿಲ ಮಾಡ್ಲಿಕ್ಕಿಲ್ಲ ರೊಸಾ," ಎಂದು ನನ್ನ ಗಂಡ ಗಂಭೀರವಾಗಿ ಹೇಳಿದರು. "ಮಾರುವವರು ಬೇಕಾದ್ರೆ ಇಳೀಬಹುದು, ಕೊಳ್ಳುವವರು ಕೊಟ್ಟ ಮಾತಿನಿಂದ ಕೆಳಗೆ ಬಂದ್ರೆ ಬ್ಯಾರಿಯ ಮರ್ಯಾದೆ ಹೋಗ್ತದಂತೆ."

ಅಪ್ಪನ ಹಣ ಲೆಕ್ಕ ಹಾಕಿದರೆ ನಾಲ್ಕು ಬೆರಳಿಗೆ ಸರಿಯಾಗುತ್ತಿತ್ತು. ಮೂರಕ್ಕೆ ಸಿಕ್ಕಿದರೆ ಭಾಗ್ಯ. ಐದಾದರೆ ಮಡಿಕೇರಿ ಮರೆತುಬಿಡಬೇಕು.

ಮಂಚದ ಮೇಲೆ ಕೂತು, ಮೊಣಕಾಲಿನ ಮೇಲೆ ಟವೆಲು ಹರಡಿ ಅಭ್ಯಾಸ ಮಾಡಿದೆವು. ನನಗೋ ಕಚಗುಳಿಯ ಮೈ. ಅವರು ಒಂದು ಬೆರಳು ಹಿಡಿದರೆ ಸಾಕು, ಕಿಸಕ್ಕನೆ ನಗು. ಆ ಹೊತ್ತಿಗೇ ಅತ್ತೆ ಪರದೆ ಸರಿಸಿ ಬಂದರು. ನಮ್ಮನ್ನು ನೋಡಿದರು, ಟವೆಲು ನೋಡಿದರು.

"ಎಂತ ನಡೀತಾ ಉಂಟು ಅದರಡಿಯಲ್ಲಿ?"

"ಪ್ರಾರ್ಥನೆ, ಅಮ್ಮ," ಎಂದುಬಿಟ್ಟರು ನನ್ನ ಗಂಡ. ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಹೀಗೇ ಇರುತ್ತದೆ.

ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು ನಮ್ಮ ಜೊತೆ ಕೂತೇಬಿಟ್ಟರು! ಆ ದಿನ ನಾವು ಮೂರು ಜನ ಸೇರಿ ಜಪಮಾಲೆ ಹಿಡಿದು ಇಡೀ ತೇರ್ಸದ ಪ್ರಾರ್ಥನೆ ಹೇಳಿದೆವು.

ಗೊತ್ತಾದ ದಿನ ಕೊಡಿಯಾಲಬೈಲಿಗೆ ಹೋದೆವು. ಆ ಮನೆ ನೋಡಿ ನನಗೆ ನಮ್ಮ ಜೆಪ್ಪುವಿನ ಮನೆ ಬಿಕೋ ಅನ್ನುತ್ತದೆ ಅನ್ನಿಸಿತು. ಅಂಗಳದಲ್ಲಿ ಮಕ್ಕಳು, ಜಗಲಿಯಲ್ಲಿ ಮುದುಕರು, ಕಿಟಕಿ ಕಿಟಕಿಯಲ್ಲಿ ಹೆಂಗಸರು. ನಡುವೆ ಗುಣವತಿ ಅಕ್ಕ. ಅರುವತ್ತರ ಪ್ರಾಯ, ಎತ್ತರದ ಹೆಂಗಸು, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಅವರು ಕೂತು ನಮ್ಮನ್ನು ಮಾತಾಡಿಸುವಷ್ಟರಲ್ಲಿ, "ಅಕ್ಕ, ಅಕ್ಕಿ ಎಷ್ಟು ಹಾಕುದು?" "ದೊಡ್ಡಮ್ಮ, ಎಣ್ಣೆ ಮುಗಿದಿದೆ," "ಅಕ್ಕ, ಕೂಲಿಯವರು ಬಂದಿದ್ದಾರೆ," ಎಂದು ಒಬ್ಬರ ಹಿಂದೆ ಒಬ್ಬರು ಬಂದರು. ಪ್ರತಿ ಸಲವೂ ಅವರು ಎದ್ದರು, ಕೀಲಿ ತಿರುಗಿಸಿದರು, ಬಂದು ಕೂತರು. ಮುಖದಲ್ಲಿ ಬೇಸರವಿಲ್ಲ, ನಗುವೂ ಇಲ್ಲ. ನನಗೆ ಹೆದರಿಕೆಯಾಯಿತು. ಇಂಥವರ ಹತ್ತಿರ ಮೂರು ಬೆರಳು ನಡೆಯುತ್ತದೆಯೇ?

ಅಬೂಬಕ್ಕರ್ ಬ್ಯಾರಿ ಹೆಗಲ ಬೈರಾಸನ್ನು ಕೊಡವಿ ನಮ್ಮಿಬ್ಬರ ಮುಂದೆ ಹಿಡಿದರು. ಗುಣವತಿ ಅಕ್ಕ ಅದನ್ನು ನೋಡಿ, "ಕಿತ್ತಳೆಯ ವಾಸನೆ. ಅದು ಬೇಡ," ಎಂದು ತಮ್ಮ ಸೆರಗನ್ನೇ ಅಗಲ ಮಾಡಿ ನನ್ನ ತೊಡೆಯ ತನಕ ಹರಡಿದರು. ಅದರಡಿಯಲ್ಲಿ ನಮ್ಮ ಕೈ ಸೇರಿದವು. ಮಹಾಬಲ ಶೆಟ್ಟರು ಕುತ್ತಿಗೆ ಕೊಕ್ಕರೆಯಷ್ಟು ಉದ್ದ ಮಾಡಿದರು. ನನ್ನ ಗಂಡ ಕಣ್ಣು ಮುಚ್ಚಿದರು. ಈ ಸಲ ನಿಜವಾಗಿಯೂ ಪ್ರಾರ್ಥನೆಯೇ ಇರಬೇಕು.

"ಈ ವರ್ಷ ಸೆಕೆ ಜಾಸ್ತಿ," ಎಂದರು ಗುಣವತಿ ಅಕ್ಕ, ಬಾಯಿಮಾತಿಗೆ.

"ಹೌದಕ್ಕ, ಭಾರೀ ಸೆಕೆ," ಎಂದೆ.

ಅವರ ಬೆರಳುಗಳು ಬಂದು ನನ್ನ ಬೆರಳುಗಳನ್ನು ಹಿಡಿದವು. ಒಂದು. ಎರಡು. ಮೂರು. ನಾಲ್ಕು. ನಿಂತಿತು. ನಾಲ್ಕು! ನಮ್ಮ ಹತ್ತಿರ ಇದ್ದಷ್ಟೇ! ಮನೆ ಕೈಗೆಟುಕಿತು ಎಂಬ ಸಂತೋಷ ಎಲ್ಲಿಂದ ನುಗ್ಗಿತೋ, ಪಾಠ ಗೀಠ ಎಲ್ಲ ಮರೆತು, ನಾನು ಎರಡು ಮಾತಿಲ್ಲದೆ ಅವರ ಇಡೀ ಕೈಯನ್ನು ಗಬಕ್ಕನೆ ಹಿಡಿದುಬಿಟ್ಟೆ.

ಇಡೀ ಕೈ. ಅಂದರೆ ಐದು.

ಹಿಡಿದ ಮೇಲೆ ತಿಳಿಯಿತು. ಮಾರುವವರು ನಾಲ್ಕು ಕೇಳಿದರೆ ಕೊಳ್ಳುವವಳು ಐದು ಕೊಡುತ್ತೇನೆನ್ನುವುದು ಭೂಮಿ ಮೇಲೆ ಎಲ್ಲಾದರೂ ಉಂಟೇ? ಸಡಿಲ ಮಾಡುವಂತಿಲ್ಲ. ಐದು ನಮ್ಮ ಹತ್ತಿರ ಇಲ್ಲ. ಅವರು ಒಮ್ಮೆ ಕೈ ಕುಲುಕಿದರೆ ಮುಗಿಯಿತು, ಕೊಟ್ಟ ಮಾತು ತಪ್ಪಿದವಳಾಗಿ ಮತ್ತೆ ಆ ಪರದೆಯ ನಡುವಿನ ಮಂಚಕ್ಕೆ ಹೋಗಿ ಬೀಳಬೇಕು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತಲ್ಲ! ಬಿಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ಗಟ್ಟಿಯಾಗಿ ಹಿಡಿದೇ ಕೂತೆ.

ಗುಣವತಿ ಅಕ್ಕನ ಹುಬ್ಬು ಮೇಲೇರಿತು. ಅವರು ಕುಲುಕಲಿಲ್ಲ. ಅವರ ಹೆಬ್ಬೆರಳು ಮಾತ್ರ ನನ್ನ ಅಂಗೈಯ ಮೇಲೆ ಮೆಲ್ಲಗೆ ಓಡಾಡಿತು. ಅಲ್ಲಿ ಅರೆಯುವ ಕಲ್ಲು ತಿರುಗಿಸಿ ತಿರುಗಿಸಿ ಎದ್ದ ದಡ್ಡಿತ್ತು, ಮಣಿಕಟ್ಟಿನ ಹತ್ತಿರ ಗಂಜಿ ಬಸಿಯುವಾಗಿನ ಸುಟ್ಟ ಕಲೆಯಿತ್ತು. ಅಲ್ಲಿಗೆ ಬಂದು ಹೆಬ್ಬೆರಳು ನಿಂತಿತು.

"ಮನೆಯಲ್ಲಿ ಎಷ್ಟು ಜನ, ಬಾಯಮ್ಮ?"

"ಹನ್ನೊಂದು."

"ನಮ್ಮಲ್ಲಿ ಅದರ ಎರಡರಷ್ಟು. ನಿಮ್ಮ ಕೋಣೆ ಯಾವ ಕಡೆ?"

"ಕೋಣೆ ಇಲ್ಲ ಅಕ್ಕ. ದಾರಿ. ಎರಡು ಪರದೆ ಉಂಟು."

ಅವರು ಸೆರಗನ್ನು ಇನ್ನಷ್ಟು ನನ್ನ ಕಡೆಗೆ ಎಳೆದರು. ಆಮೇಲೆ, "ಮಡಿಕೇರಿಯ ಮನೆ ನೋಡಿದಿರಲ್ಲ. ಎಂತ ಹಿಡಿಸಿತು ಅದರಲ್ಲಿ?" ಎಂದರು.

ಗುಡ್ಡ ಎನ್ನಬಹುದಿತ್ತು, ಗಾಳಿ ಎನ್ನಬಹುದಿತ್ತು. ನನ್ನ ಬಾಯಿಗೆ ಬಂದದ್ದು, "ಅಗಳಿ."

ಗುಣವತಿ ಅಕ್ಕ ನನ್ನ ಮುಖವನ್ನು ನೇರ ನೋಡಿದರು. ಸೆರಗಿನಡಿಯಲ್ಲಿ ಅವರ ಇನ್ನೊಂದು ಕೈಯೂ ಬಂತು. ಗಟ್ಟಿ ಹಿಡಿದಿದ್ದ ನನ್ನ ಹೆಬ್ಬೆರಳನ್ನು ತಮ್ಮ ಕೈಯಿಂದ ಮೆಲ್ಲಗೆ ಬಿಡಿಸಿ ಮಡಚಿದರು. ನಾಲ್ಕಾಯಿತು. ನನಗೆ ಹೋದ ಜೀವ ಬಂತು, ಅಷ್ಟೇ ಸಾಕು ದೇವರೇ ಎಂದುಕೊಂಡೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಕಿರುಬೆರಳನ್ನೂ ಬಿಡಿಸಿ ಮಡಚಿದರು. ಮೂರು. ತಾವು ಕೇಳಿದ್ದಕ್ಕಿಂತ ಒಂದು ಕಡಿಮೆ. ಆಮೇಲೆ ಆ ಮೂರು ಬೆರಳನ್ನು ಹಿಡಿದು ಬಲವಾಗಿ ಕುಲುಕಿ, ಸೆರಗು ಎಳೆದುಕೊಂಡರು.

"ಮುಗೀತು ಬ್ಯಾರಿ," ಎಂದರು. "ಮೂರು."

"ಅಕ್ಕ!" ಮಹಾಬಲ ಶೆಟ್ಟರು ಕೂತಲ್ಲಿಂದ ಎದ್ದೇಬಿಟ್ಟರು. "ನಾವು ಮಾತಾಡಿಕೊಂಡದ್ದು ನಾಲ್ಕಲ್ವಾ? ನಿನಗೆ ಲೆಕ್ಕ ತಪ್ಪಿತಾ?"

"ಬೆರಳಿಗೆ ಒಂದೇ ಮಾತು. ನೀನೇ ಕಲಿಸಿದ್ದಲ್ವಾ?" ಎಂದರು ಅವರು.

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಜಗಲಿಯ ತನಕ ಕಳಿಸಲು ಬಂದ ಅವರ ಕೈ ಹಿಡಿದೆ, ಈ ಸಲ ಲೆಕ್ಕವಿಲ್ಲದೆ. ಅವರು ಕಿಟಕಿಗಳಿಗೆ ಕೇಳಿಸದ ಹಾಗೆ ಹೇಳಿದರು. "ಆ ಅಗಳಿ ನಾನೇ ಹಾಕಿಸಿದ್ದು. ಈ ಊರಿನ ಆಚಾರಿಯ ಹತ್ತಿರ ಮಾಡಿಸಿ ಕಳಿಸಿದ್ದೆ. ತಿಂಗಳಿಗೊಮ್ಮೆ ಹೋಗಿ, ಅದನ್ನು ಹಾಕಿಕೊಂಡು ಸುಮ್ಮನೆ ಕೂತು ಬರುವ ಅಂತ. ಎಲ್ಲಿ ಬಿಡ್ತಾರೆ, ಮಾರಾಯ್ತಿ? ಒಂದು ದಿನವೂ ಹೋಗ್ಲಿಕ್ಕಾಗಲಿಲ್ಲ."

"ನೀವು ಬನ್ನಿ ಅಕ್ಕ. ಯಾವಾಗ ಬೇಕಾದ್ರೂ ಬನ್ನಿ. ಆ ಕೋಣೆ ನಿಮ್ಮದೇ."

"ಒಮ್ಮೆ ಬರ್ತೇನೆ," ಎಂದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಬೆಲ್ಲ ಬೇಕೆಂದು ಕೂಗಿದರು. ಅವರು ಕೀಲಿ ಹುಡುಕುತ್ತ ಒಳಗೆ ಹೋದರು.

ಒಂದು ಬೆರಳಿಗೆ ಎಷ್ಟಿತ್ತು ಎಂದು ಮಾತ್ರ ಕೇಳಬೇಡಿ. ನನ್ನ ನಾದಿನಿಯರು ಕೇಳಿ ಕೇಳಿ ಸೋತಿದ್ದಾರೆ.

ಹೊರಡುವ ದಿನ ಹಂಪನಕಟ್ಟೆಯ ಬಸ್ಸಿಗೆ ಇಡೀ ಜೆಪ್ಪು ಬಂದಿತ್ತು. ಇಸಿದೋರ್ ಮಾಮ ಹೆಣ್ಣು ಕಳಿಸುವವರ ಹಾಗೆ ಕರವಸ್ತ್ರ ಹಿಡಿದು ನಿಂತಿದ್ದರು. ಅತ್ತೆ ಒಣಮೀನಿನ ದೊಡ್ಡ ಗಂಟನ್ನು ನನ್ನ ಮಡಿಲಿಗೆ ಹಾಕಿ, ಗಟ್ಟಿಯಾಗಿ ಅತ್ತು, ಕೊನೆಗೆ ಕಿಟಕಿಯಿಂದ ತಲೆ ಒಳಗೆ ಹಾಕಿ ಬುದ್ಧಿ ಹೇಳಿದರು. "ಬಾಗಿಲು ತೆರೆದಿಟ್ಟು ಮಲಗಿ ಮಗಾ. ಗಾಳಿ ಬೇಕು."

"ಆಯ್ತು ಮಾಂಯ್," ಎಂದೆ. ದೇವರು ಕ್ಷಮಿಸಲಿ.

ಅಲ್ಲಿ ನಾವು ಹೇಗಿದ್ದೆವು ಎಂದು ಹೇಳಹೊರಟರೆ ನನಗೇ ನಾಚಿಕೆಯಾಗುತ್ತದೆ. ಬೇಕೆಂದೇ ಸಣ್ಣ ಸಣ್ಣ ಜಗಳ ತೆಗೆದು, ಬಾಗಿಲು ದಢಾರನೆ ಹಾಕಿ ಅಗಳಿ ಎಳೆಯುತ್ತಿದ್ದೆ. ಗಂಡ ಹೊರಗೆ ನಿಂತು ಹಾಡು ಹೇಳಿ ಒಳಗೆ ಬರಬೇಕಿತ್ತು. ಹಾಡು ಕೆಟ್ಟದಾಗಿದ್ದರೆ ಇನ್ನೊಂದು. ಹನ್ನೊಂದು ಜನರಿಗೆ ಅಡುಗೆ ಮಾಡಿ ಅಭ್ಯಾಸವಾದ ಕೈ, ಇಬ್ಬರಿಗೆಂದು ಇಟ್ಟ ಅನ್ನ ನಾಲ್ಕು ದಿನ ಮುಗಿಯುತ್ತಿರಲಿಲ್ಲ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ನಗುತ್ತಿದ್ದೆವು.

ಮರುವರ್ಷ ಬೇಸಿಗೆಯಲ್ಲಿ, ಹೇಳದೆ ಕೇಳದೆ, ಗುಣವತಿ ಅಕ್ಕ ಬಸ್ಸಿಳಿದು ಬಂದರು. ಒಬ್ಬರೇ! ಕೈಯಲ್ಲಿ ಮಲ್ಲಿಗೆಯ ಚೆಂಡು, ಸೊಂಟದಲ್ಲಿ ಅದೇ ಗೊಂಚಲು. ಊಟ ಮಾಡಿ, ಕೈ ತೊಳೆದು, ಆ ಮೂಲೆ ಕೋಣೆಯ ಬಾಗಿಲಲ್ಲಿ ನಿಂತು, "ಸ್ವಲ್ಪ ಹೊತ್ತು ನಾನು ಇಲ್ಲ ಅಂತ ತಿಳ್ಕೊಳ್ಳಿ, ಆಯ್ತಾ?" ಎಂದರು. ಬಾಗಿಲು ಮುಚ್ಚಿತು. ಠಕ್ಕನೆ ಅಗಳಿ ಕೂತಿತು.

ಸಂಜೆಯಾಗುವಷ್ಟರಲ್ಲಿ ಅಂಗಳಕ್ಕೆ ಬಾಡಿಗೆ ಕಾರೊಂದು ಬಂದು ನಿಂತಿತು. ಮಹಾಬಲ ಶೆಟ್ಟರು ಏದುಸಿರು ಬಿಡುತ್ತ ಇಳಿದರು. "ಅಕ್ಕ ಇಲ್ಲಿದ್ದಾಳಾ? ಹೇಳದೆ ಬಂದುಬಿಟ್ಟಿದ್ದಾಳೆ ಮಾರಾಯ್ರೆ. ನಾಳೆ ಮನೆ ತುಂಬ ನೆಂಟರು, ಉಗ್ರಾಣಕ್ಕೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ ಉಂಟು!"

ನಾನು ಕೋಣೆಯ ಕಡೆ ಕೈ ತೋರಿಸಿದೆ. ಅವರು ಹೋಗಿ ಬಾಗಿಲು ತಟ್ಟಿದರು. "ಅಕ್ಕ!"

"ಗುಣವತಿ ಇಲ್ಲ," ಎಂದಿತು ಒಳಗಿನಿಂದ ದನಿ.

"ಎಂತ ಇದು ಮಕ್ಕಳಾಟಿಕೆ ಅಕ್ಕ! ಬಾಗಿಲು ತೆಗಿ. ಬೀಗದ ಕೈ ಬೇಕು."

ಗಂಡನೂ ನಾನೂ ಬಾಗಿಲಿನ ಹತ್ತಿರ ಬಂದು ನಿಂತೆವು. ಅವರು ತೆಗೆದುಬಿಡುತ್ತಾರೆ, ಎದ್ದು ಹೊರಟೇಬಿಡುತ್ತಾರೆ ಎಂದೇ ನಾನು ಎಣಿಸಿದೆ. ಆಗ ಬಾಗಿಲಿನ ಕೆಳಗಿನ ಸಂದಿಯಿಂದ ಆ ಗೊಂಚಲು, ಅಷ್ಟೂ ಬೀಗದ ಕೈ, ಝಣಝಣ ಅನ್ನುತ್ತ ಹೊರಗೆ ಜಾರಿ ಬಂತು. ಅಗಳಿ ಮಾತ್ರ ಅಲುಗಲಿಲ್ಲ.

ಮಹಾಬಲ ಶೆಟ್ಟರು ಬಗ್ಗಿ ಅದನ್ನು ಎತ್ತಿಕೊಂಡರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಇಷ್ಟು ವರ್ಷದಲ್ಲಿ ಅದನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲಿರಬೇಕು.

"ಅಕ್ಕ, ಇದರಲ್ಲಿ ಯಾವುದು ಯಾವುದರದ್ದು?"

"ಹಾಕಿ ನೋಡು!" ಎಂದರು ಗುಣವತಿ ಅಕ್ಕ, ಮತ್ತೆ ಒಳಗೆ ಒಬ್ಬರೇ ಕೂತು ಗಟ್ಟಿಯಾಗಿ ನಕ್ಕರು.